ಸಿ ಕಾಲ್‌ಬ್ಯಾಕ್‌ಗೆ ನಮ್ಮ ಡೇಟಾ ತಲುಪಿಸುವುದು ಹೇಗೆ? ಲಿಬ್‌ಮಾಸ್ಕಿಟೊ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಕಾಲ್‌ಬ್ಯಾಕ್ ಬರೆಯುವವರು ನೀವು, ಕರೆಯುವುದು ಲೈಬ್ರರಿ. ತೊಡಕು ಶುರುವಾಗುವುದೇ ಇಲ್ಲಿ. ಮೆಸೇಜ್ ಬಂದಾಗ ಲೈಬ್ರರಿ ನಿಮ್ಮ ಫಂಕ್ಷನ್ನಿಗೆ ಟಾಪಿಕ್ (ಮೆಸೇಜ್ ಯಾವ ವಿಷಯದ್ದು ಅನ್ನುವ ಹೆಸರು) ಕೊಡುತ್ತದೆ, ಪೇಲೋಡ್ (ಒಳಗಿನ ಡೇಟಾ) ಕೊಡುತ್ತದೆ. ಆದರೆ ನೀವು ತೆರೆದಿಟ್ಟ ಫೈಲ್, ನಿಮ್ಮ ಕೌಂಟರ್, ನಿಮ್ಮ ಡೇಟಾಬೇಸ್ ಕನೆಕ್ಷನ್ ಇವೆಲ್ಲ ಅದಕ್ಕೆ ಹೇಗೆ ಗೊತ್ತಿರಬೇಕು? ಹೆಚ್ಚಿನವರು ಮೊದಲು ಮಾಡುವುದು ಒಂದು ಗ್ಲೋಬಲ್ ವೇರಿಯಬಲ್. ಒಂದೇ ಕ್ಲೈಂಟ್ ಇರುವವರೆಗೆ ಅದು ನಡೆಯುತ್ತದೆ. ಎರಡನೇ ಕ್ಲೈಂಟ್ ಬಂದ ದಿನ, ಅಥವಾ ಯಾರೋ ಯೂನಿಟ್ ಟೆಸ್ಟ್ ಬರೆಯೋಣ ಅಂದ ದಿನ, ಅದೇ ಕುತ್ತಿಗೆಗೆ ಬರುತ್ತದೆ.

ಇದಕ್ಕೆ ಸಿ ಜಗತ್ತಿನಲ್ಲಿ ಇರುವ ದಾರಿ ಒಂದು ವಾಯ್ಡ್ ಸ್ಟಾರ್, ಅಂದರೆ ಯಾವ ಟೈಪಿನ ಡೇಟಾವನ್ನಾದರೂ ತೋರಿಸಬಲ್ಲ ಪಾಯಿಂಟರ್. ದೇವಸ್ಥಾನದ ಹೊರಗೆ ಬ್ಯಾಗ್ ಕೌಂಟರ್ ಇರುತ್ತದಲ್ಲ, ಅದೇ ಲೆಕ್ಕ: ಕೊಟ್ಟ ಚೀಲವನ್ನು ಅವರು ಬಿಚ್ಚಿ ನೋಡುವುದಿಲ್ಲ, ಕೇಳಿದಾಗ ಹಾಗೇ ವಾಪಸ್ ಕೊಡುತ್ತಾರೆ. ಲೈಬ್ರರಿಯೂ ನಿಮ್ಮ ಪಾಯಿಂಟರ್ ಇಟ್ಟುಕೊಂಡು ಪ್ರತಿ ಕಾಲ್‌ಬ್ಯಾಕ್‌ನಲ್ಲಿ ಹಾಗೇ ಕೊಡುತ್ತದೆ. ಪಾಯಿಂಟರ್ ಕೊಡುವುದು ಒಂದು ಸಾಲಿನ ಕೆಲಸ. ಅದು ತೋರಿಸುವ ಮೆಮೊರಿ ಯಾರದು, ಎಲ್ಲಿವರೆಗೆ ಇರಬೇಕು, ಯಾವ ಥ್ರೆಡ್ ಅದನ್ನು ಮುಟ್ಟುತ್ತದೆ ಅನ್ನುವುದೇ ನಿಜವಾದ ಕೆಲಸ. ಹಾಗಾಗಿ ಕೆಳಗೆ ಆ ಭಾಗವೇ ಜಾಸ್ತಿ ಇದೆ.

ಉದಾಹರಣೆಗೆ ಲಿಬ್‌ಮಾಸ್ಕಿಟೊ ತೆಗೆದುಕೊಂಡಿದ್ದೇನೆ. ಎಂಕ್ಯೂಟಿಟಿ ಪ್ರೋಟೋಕಾಲ್‌ಗೆ ಎಕ್ಲಿಪ್ಸ್ ಫೌಂಡೇಶನ್ ಅಡಿಯಲ್ಲಿರುವ ಮಾಸ್ಕಿಟೊ ಪ್ರಾಜೆಕ್ಟ್‌ನ ಸಿ ಲೈಬ್ರರಿ ಅದು. ಎಂಕ್ಯೂಟಿಟಿಯಲ್ಲಿ ಒಬ್ಬರು ಒಂದು ಟಾಪಿಕ್‌ಗೆ ಮೆಸೇಜ್ ಕಳಿಸುತ್ತಾರೆ (ಪಬ್ಲಿಶ್), ನಡುವಿನ ಸರ್ವರ್ (ಬ್ರೋಕರ್) ಅದನ್ನು ಆ ಟಾಪಿಕ್ ಬೇಕೆಂದು ಹೇಳಿದವರಿಗೆಲ್ಲ (ಸಬ್‌ಸ್ಕ್ರೈಬ್) ತಲುಪಿಸುತ್ತದೆ. ಲೈಬ್ರರಿ ಚಿಕ್ಕದು, ಓದಲು ಸುಲಭ, ರಾಸ್ಪ್‌ಬೆರಿ ಪೈನಿಂದ ಸರ್ವರ್‌ವರೆಗೆ ಎಲ್ಲ ಕಡೆ ಓಡುತ್ತದೆ.

ಮೊದಲೇ ಒಂದು ಮಾತು. ಫಂಕ್ಷನ್ ಹೆಸರುಗಳನ್ನೂ ಕೋಡನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಹೆಡರ್ ಫೈಲ್ ತೆರೆದಿಟ್ಟುಕೊಂಡು ಅಲ್ಲಿರುವ ಸ್ಪೆಲ್ಲಿಂಗ್ ಹಾಕಿ. ಈ ಲೈಬ್ರರಿಯ ಪ್ರತಿ ಫಂಕ್ಷನ್ ಹೆಸರಿನ ಮುಂದೆ ‘ಮಾಸ್ಕಿಟೊ_’ ಅಂತ ಇರುತ್ತದೆ. ಪದೇ ಪದೇ ಬರೆದರೆ ಓದಲು ಕಿರಿಕಿರಿ, ಅದಕ್ಕೇ ಬಿಟ್ಟಿದ್ದೇನೆ. ‘ನ್ಯೂ’ ಅಂದರೆ ಮಾಸ್ಕಿಟೊ_ನ್ಯೂ ಅಂತ ಓದಿಕೊಳ್ಳಿ.

ಹೆಜ್ಜೆ 1: ಬೇಕಾದದ್ದನ್ನೆಲ್ಲ ಒಂದು ಸ್ಟ್ರಕ್ಟ್‌ಗೆ ತುಂಬಿ

ಒಂದು ಅಪಾರ್ಟ್‌ಮೆಂಟ್ ಇದೆ ಅಂದುಕೊಳ್ಳಿ. ಮೇಲಿನ ಟ್ಯಾಂಕಿನ ನೀರಿನ ಮಟ್ಟ ಒಂದು ಸೆನ್ಸರ್‌ನಿಂದ ಬರುತ್ತದೆ, ಸಂಪ್‌ನ ಮಟ್ಟ ಇನ್ನೊಂದರಿಂದ. ನಮ್ಮ ಪ್ರೋಗ್ರಾಂ ಎರಡನ್ನೂ ಕೇಳಿಸಿಕೊಂಡು ಮೋಟರ್ ಆನ್ ಮಾಡಬೇಕು. ಕಾಲ್‌ಬ್ಯಾಕ್‌ಗೆ ಏನೇನು ಬೇಕೋ ಎಲ್ಲ ಒಂದೇ ಕಡೆ ಇರಲಿ:

    ಸ್ಟ್ರಕ್ಟ್ ಆ್ಯಪ್ {
        ಯುಇಂಟ್32_ಟಿ ಗುರುತು;
        ಪಿಥ್ರೆಡ್_ಮ್ಯೂಟೆಕ್ಸ್_ಟಿ ಬೀಗ;
        ಇಂಟ್ ಟ್ಯಾಂಕ್_ಮಟ್ಟ;
        ಇಂಟ್ ಸಂಪ್_ಮಟ್ಟ;
        ಫೈಲ್ *ಲಾಗ್;
    };

ಮೊದಲ ಫೀಲ್ಡ್ ಯಾಕೆ ಅಂತ ಕೇಳಬಹುದು. ವಾಯ್ಡ್ ಸ್ಟಾರ್ ಮೂಲಕ ಹೋದ ಕೂಡಲೇ ಕಂಪೈಲರ್ ಟೈಪ್ ನೋಡುವುದನ್ನು ಬಿಟ್ಟುಬಿಡುತ್ತದೆ. ತಪ್ಪು ಪಾಯಿಂಟರ್ ಕೊಟ್ಟರೂ ಒಂದು ವಾರ್ನಿಂಗ್ ಬರುವುದಿಲ್ಲ. ಅದಕ್ಕೆ ಸ್ಟ್ರಕ್ಟ್ ಶುರುವಿನಲ್ಲೇ ಒಂದು ಗೊತ್ತಿರುವ ನಂಬರ್ ಇಡಿ, ಕಾಲ್‌ಬ್ಯಾಕ್ ಒಳಗೆ ಹೋದ ತಕ್ಷಣ ಅಸರ್ಟ್ ಹಾಕಿ ನೋಡಿ. ಯಾವ ನಂಬರ್ ಆದರೂ ಸರಿ, ಸೊನ್ನೆ ಮಾತ್ರ ಬೇಡ. ನಾನು ಸುಮ್ನೆ ಬೆಂಗಳೂರು ಜಿಪಿಓ ಪಿನ್‌ಕೋಡ್ ಹಾಕುತ್ತೇನೆ, 560001. ಡೀಬಗರ್‌ನಲ್ಲಿ ಕಂಡರೆ ಥಟ್ಟನೆ ಗುರುತು ಸಿಗುತ್ತದೆ.

ಹೆಜ್ಜೆ 2: ಕ್ಲೈಂಟ್ ಹುಟ್ಟುವಾಗಲೇ ಪಾಯಿಂಟರ್ ಕೊಡಿ

ಮೊದಲು ಲಿಬ್_ಇನಿಟ್ ಕರೆಯಬೇಕು, ಆಮೇಲೆ ‘ನ್ಯೂ’. ಇದಕ್ಕೆ ಮೂರು ಆರ್ಗ್ಯುಮೆಂಟ್: ಕ್ಲೈಂಟ್ ಐಡಿ, ಕ್ಲೀನ್ ಸೆಷನ್ (ಕನೆಕ್ಷನ್ ಹೋದರೆ ಬ್ರೋಕರ್ ಹಳೆಯ ಸಬ್‌ಸ್ಕ್ರಿಪ್ಶನ್‌ಗಳನ್ನು ಮರೆತುಬಿಡಲಿ ಅನ್ನುವುದು) ಬೇಕೋ ಬೇಡವೋ, ಮೂರನೆಯದೇ ನಮ್ಮ ಪಾಯಿಂಟರ್. ಡಾಕ್ಯುಮೆಂಟೇಶನ್‌ನಲ್ಲಿ ಅದರ ಹೆಸರು ‘ಒಬಿಜೆ’.

    ಸ್ಟ್ರಕ್ಟ್ ಆ್ಯಪ್ *ಎ = ಕ್ಯಾಲಾಕ್(1, ಸೈಜ್‌ಆಫ್ *ಎ);
    ಎ->ಗುರುತು = 560001;
    ಎಂ = ಮಾಸ್ಕಿಟೊ_ನ್ಯೂ(ನಲ್, ಟ್ರೂ, ಎ);

ಐಡಿ ಜಾಗದಲ್ಲಿ ನಲ್ ಕೊಟ್ಟರೆ ಲೈಬ್ರರಿಯೇ ಒಂದು ಐಡಿ ಹುಟ್ಟಿಸುತ್ತದೆ, ಆದರೆ ಆಗ ಕ್ಲೀನ್ ಸೆಷನ್ ಟ್ರೂ ಆಗಿರಲೇಬೇಕು. ಇಲ್ಲವಾದರೆ ವಾಪಸ್ ಬರುವುದು ನಲ್. ಅದನ್ನು ನೋಡದೆ ಮುಂದೆ ಹೋಗಬೇಡಿ. ಕ್ಯಾಲಾಕ್ ಕೊಟ್ಟಿದ್ದನ್ನೂ ಹಾಗೇ ಚೆಕ್ ಮಾಡಿ, ಜಾಗ ಉಳಿಸಲು ನಾನಿಲ್ಲಿ ಬಿಟ್ಟಿದ್ದೇನೆ ಅಷ್ಟೇ. ಬೀಗವನ್ನೂ ಇಲ್ಲೇ ಇನಿಟ್ ಮಾಡಿಬಿಡಿ.

ಕೊನೆಯ ಆರ್ಗ್ಯುಮೆಂಟ್ ಹತ್ತಿರದಿಂದ ನೋಡಿ. ಅಲ್ಲಿ ಇರುವುದು ‘ಎ’, ‘&ಎ’ ಅಲ್ಲ. ‘ಎ’ ಆಗಲೇ ಪಾಯಿಂಟರ್. ಅಭ್ಯಾಸಬಲದಿಂದ ಒಂದು ಆ್ಯಂಪರ್ಸೆಂಡ್ ಸೇರಿಸಿದರೆ ಹೋಗುವುದು ಪಾಯಿಂಟರ್‌ನ ಅಡ್ರೆಸ್. ವಾಯ್ಡ್ ಸ್ಟಾರ್ ಯಾವ ಡೇಟಾ ಪಾಯಿಂಟರ್ ಕೊಟ್ಟರೂ ಒಪ್ಪಿಕೊಳ್ಳುವುದರಿಂದ ಕಂಪೈಲರ್ ತುಟಿ ಪಿಟಕ್ ಅನ್ನುವುದಿಲ್ಲ. ಆಮೇಲೆ ಕಾಲ್‌ಬ್ಯಾಕ್‌ನಲ್ಲಿ ಟ್ಯಾಂಕ್ ಮಟ್ಟ ಅಂತ ಯಾವುದೋ ವಿಚಿತ್ರ ನಂಬರ್ ಕಾಣುತ್ತದೆ. 560001 ಇಟ್ಟಿದ್ದರೆ ಮೊದಲ ಮೆಸೇಜ್‌ಗೇ ಪ್ರೋಗ್ರಾಂ ನಿಂತು ಲೈನ್ ನಂಬರ್ ತೋರಿಸುತ್ತದೆ.

ಆಮೇಲೆ ಬದಲಿಸಬೇಕೆಂದರೆ ಯೂಸರ್_ಡೇಟಾ_ಸೆಟ್ ಅಂತ ಒಂದು ಫಂಕ್ಷನ್ ಇದೆ. ಇದೆ ಅಂತ ಗೊತ್ತಿದ್ದರೆ ಸಾಕು. ನೆಟ್‌ವರ್ಕ್ ಥ್ರೆಡ್ ಓಡುತ್ತಿರುವಾಗ ಪಾಯಿಂಟರ್ ಬದಲಿಸಿದರೆ ಹಳೆಯದನ್ನು ಯಾವಾಗ ಫ್ರೀ ಮಾಡುವುದು ಅಂತ ಹೇಳುವುದು ಕಷ್ಟ. ಪಾಯಿಂಟರ್ ಹಾಗೇ ಇರಲಿ, ಅದರೊಳಗಿನ ಡೇಟಾ ಬದಲಿಸಿ.

ಹೆಜ್ಜೆ 3: ಕಾಲ್‌ಬ್ಯಾಕ್ ಒಳಗೆ ವಾಪಸ್ ತೆಗೆದುಕೊಳ್ಳಿ

ಈ ಲೈಬ್ರರಿಯ ಕಾಲ್‌ಬ್ಯಾಕ್‌ಗಳಲ್ಲಿ ಮೊದಲ ಆರ್ಗ್ಯುಮೆಂಟ್ ಕ್ಲೈಂಟ್, ಎರಡನೆಯದು ಒಬಿಜೆ. ಉಳಿದದ್ದು ಕಾಲ್‌ಬ್ಯಾಕ್ ಯಾವುದು ಅನ್ನುವುದರ ಮೇಲೆ.

    ಸ್ಟ್ಯಾಟಿಕ್ ವಾಯ್ಡ್ ಮೆಸೇಜ್_ಬಂತು(ಸ್ಟ್ರಕ್ಟ್ ಮಾಸ್ಕಿಟೊ *ಎಂ, ವಾಯ್ಡ್ *ಒಬಿಜೆ,
            ಕಾನ್ಸ್ಟ್ ಸ್ಟ್ರಕ್ಟ್ ಮಾಸ್ಕಿಟೊ_ಮೆಸೇಜ್ *ಮೆ)
    {
        ಸ್ಟ್ರಕ್ಟ್ ಆ್ಯಪ್ *ಎ = ಒಬಿಜೆ;
        ಅಸರ್ಟ್(ಎ->ಗುರುತು == 560001);
        ...
    }

ಸಿ ಭಾಷೆಯಲ್ಲಿ ಇಲ್ಲಿ ಕಾಸ್ಟ್ ಬೇಕಿಲ್ಲ, ವಾಯ್ಡ್ ಸ್ಟಾರ್ ತಾನೇ ಬದಲಾಗುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಮಾತ್ರ ಸ್ಟ್ಯಾಟಿಕ್_ಕಾಸ್ಟ್ ಹಾಕಬೇಕು.

ಕೆಲವರು ಜಾಣತನ ತೋರಿಸಲು ಹೋಗುತ್ತಾರೆ. ಎರಡನೇ ಪ್ಯಾರಾಮೀಟರನ್ನು ನೇರವಾಗಿ ಸ್ಟ್ರಕ್ಟ್ ಆ್ಯಪ್ ಪಾಯಿಂಟರ್ ಅಂತಲೇ ಬರೆದು, ವಾರ್ನಿಂಗ್ ಬಂದಾಗ ಫಂಕ್ಷನ್ ಪಾಯಿಂಟರನ್ನೇ ಕಾಸ್ಟ್ ಮಾಡಿ ಬಾಯಿ ಮುಚ್ಚಿಸುತ್ತಾರೆ. ಬೇರೆ ಟೈಪಿನ ಪಾಯಿಂಟರ್ ಮೂಲಕ ಫಂಕ್ಷನ್ ಕರೆಯುವುದು ಸಿ ಸ್ಟ್ಯಾಂಡರ್ಡ್ ಪ್ರಕಾರ ಅನ್‌ಡಿಫೈನ್ಡ್ ಬಿಹೇವಿಯರ್, ಅಂದರೆ ಏನಾಗುತ್ತದೆ ಅನ್ನುವುದಕ್ಕೆ ಭರವಸೆಯೇ ಇಲ್ಲ. ಇವತ್ತು ನಿಮ್ಮ ಮೆಷಿನ್ನಿನಲ್ಲಿ ಓಡುತ್ತದೆ, ಸರಿ, ಆದರೆ ಒಂದು ಸಾಲು ಉಳಿಸಲು ಇಷ್ಟು ಸಾಹಸ ಯಾಕೆ?

ಇಲ್ಲಿ ಪೇಲೋಡ್ ಬಗ್ಗೆಯೂ ಹೇಳಿಬಿಡಬೇಕು. ಅದು ಸ್ಟ್ರಿಂಗ್ ಅಲ್ಲ, ಬರೀ ಬೈಟ್‌ಗಳು. ಉದ್ದ ಬೇರೆ ಫೀಲ್ಡ್‌ನಲ್ಲಿರುತ್ತದೆ, ಖಾಲಿ ಮೆಸೇಜ್ ಬಂದರೆ ಪೇಲೋಡ್ ನಲ್ ಆಗಿರಬಹುದು. ಮಟ್ಟದ ನಂಬರ್ ಓದುವ ಮೊದಲು ಚಿಕ್ಕ ಬಫರ್‌ಗೆ ಉದ್ದ ನೋಡಿ ಕಾಪಿ ಮಾಡಿ, ಕೊನೆಗೆ ಸೊನ್ನೆ ಹಾಕಿ, ಆಮೇಲೆ ಸ್ಟ್ರ್‌ಟೋಲ್ ಕರೆಯಿರಿ.

ಟಾಪಿಕ್ ಮಾತ್ರ ಯುಟಿಎಫ್-8 ಸ್ಟ್ರಿಂಗ್, ಪ್ರೋಟೋಕಾಲ್‌ನಲ್ಲೇ ಹಾಗಿದೆ. ಅಂದರೆ ‘ಮನೆ/ಟ್ಯಾಂಕ್/ಮಟ್ಟ’ ಅನ್ನುವ ಟಾಪಿಕ್ ಯಾವ ತಕರಾರೂ ಇಲ್ಲದೆ ನಡೆಯುತ್ತದೆ. ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ 3 ಬೈಟ್ ಹಿಡಿಯುತ್ತದೆ, ಟಾಪಿಕ್‌ನ ಮಿತಿ 65,535 ಬೈಟ್, ಹಾಗಾಗಿ ಜಾಗದ ಚಿಂತೆ ಬೇಡ.

ಹೆಜ್ಜೆ 4: ಮೆಮೊರಿ ಎಲ್ಲಿವರೆಗೆ ಬದುಕಿರಬೇಕು?

ಲೈಬ್ರರಿ ನಿಮ್ಮ ಸ್ಟ್ರಕ್ಟನ್ನು ಕಾಪಿ ಮಾಡಿಕೊಳ್ಳುವುದಿಲ್ಲ, ಅಡ್ರೆಸ್ ಮಾತ್ರ ಇಟ್ಟುಕೊಳ್ಳುತ್ತದೆ. ಅದನ್ನು ಫ್ರೀ ಮಾಡುವುದೂ ಇಲ್ಲ. ಜನ ಬೀಳುವ ಹಳ್ಳ ಸಾಮಾನ್ಯವಾಗಿ ಇದು: ‘ಸೆಟಪ್’ ಅಂತ ಒಂದು ಫಂಕ್ಷನ್ ಬರೆದು, ಅದರೊಳಗೆ ಸ್ಟ್ರಕ್ಟನ್ನು ಲೋಕಲ್ ವೇರಿಯಬಲ್ ಆಗಿ ಇಟ್ಟು, ಅದರ ಅಡ್ರೆಸ್ಸನ್ನು ‘ನ್ಯೂ’ಗೆ ಕೊಟ್ಟು, ಕ್ಲೈಂಟನ್ನು ರಿಟರ್ನ್ ಮಾಡುತ್ತಾರೆ. ಸೆಟಪ್ ಮುಗಿದ ಕೂಡಲೇ ಆ ಸ್ಟ್ಯಾಕ್ ಜಾಗ ಬೇರೆ ಫಂಕ್ಷನ್ ಪಾಲಾಗುತ್ತದೆ. ಮೊದಲ ಕೆಲವು ಮೆಸೇಜ್ ಸರಿಯಾಗಿಯೇ ಬಂದಂತೆ ಕಾಣಬಹುದು, ಅದೇ ಇದರ ಕೆಟ್ಟ ಗುಣ. ಡೆಮೊ ಚೆನ್ನಾಗಿ ಆಗುತ್ತದೆ, ಊರಿಗೆ ಹೋದ ಮೇಲೆ ಕ್ರ್ಯಾಶ್ ಆಗುತ್ತದೆ.

ಮೇನ್ ಒಳಗಿನ ಲೋಕಲ್ ವೇರಿಯಬಲ್ ಆದರೆ? ಮೇನ್‌ನಲ್ಲೇ ಲೂಪ್_ಫಾರೆವರ್ (ನೆಟ್‌ವರ್ಕ್ ಕೆಲಸ ನೋಡಿಕೊಳ್ಳುತ್ತಾ ಓಡುತ್ತಲೇ ಇರುವ ಫಂಕ್ಷನ್) ಕರೆದು, ಅದು ಮುಗಿದ ಮೇಲೆ ಅಲ್ಲೇ ಡೆಸ್ಟ್ರಾಯ್ ಮಾಡುವಿರಾದರೆ ಪರವಾಗಿಲ್ಲ. ಉಳಿದ ಎಲ್ಲ ಕಡೆ ಹೀಪ್ ಮೇಲೆ ಇಡಿ.

ಇನ್ನೊಂದು ಸೋರಿಕೆ ಇದೆ, ಕಣ್ಣಿಗೆ ಬೇಗ ಬೀಳುವುದಿಲ್ಲ. ಕನೆಕ್ಷನ್ ಕಡಿದು ಮತ್ತೆ ಸೇರಿದಾಗಲೆಲ್ಲ ಕನೆಕ್ಟ್ ಕಾಲ್‌ಬ್ಯಾಕ್ ಮತ್ತೆ ಬರುತ್ತದೆ. ಸಬ್‌ಸ್ಕ್ರೈಬ್ ಮಾಡುವುದು ಅಲ್ಲೇ ಸರಿ, ಇಲ್ಲವಾದರೆ ರೀಕನೆಕ್ಟ್ ಆದ ಮೇಲೆ ಕ್ಲೀನ್ ಸೆಷನ್ ಕ್ಲೈಂಟ್‌ಗೆ ಒಂದು ಮೆಸೇಜೂ ಬರುವುದಿಲ್ಲ. ಆದರೆ ಅಲ್ಲಿ ಮಾಲಾಕ್ ಮಾಡಿ ಒಬಿಜೆ ಒಳಗಿನ ಫೀಲ್ಡ್‌ಗೆ ಹಾಕಿದರೆ, ಪ್ರತಿ ರೀಕನೆಕ್ಟ್‌ಗೂ ಹಳೆಯದು ಕಳೆದುಹೋಗುತ್ತದೆ. ವೈಫೈ ಚೆನ್ನಾಗಿರುವ ಆಫೀಸಿನಲ್ಲಿ ಇದು ಗೊತ್ತಾಗುವುದೇ ಇಲ್ಲ. ಪದೇ ಪದೇ ಕರೆಂಟ್ ಹೋಗುವ ಜಾಗದಲ್ಲಿ ಇಟ್ಟು ನೋಡಿ, ಮೆಮೊರಿ ಏರುತ್ತಲೇ ಹೋಗುತ್ತದೆ.

ಮೆಸೇಜ್ ಸ್ಟ್ರಕ್ಟ್ ವಿಷಯ ಇದಕ್ಕೆ ಉಲ್ಟಾ. ಅದು ಲೈಬ್ರರಿಯ ಆಸ್ತಿ, ಕಾಲ್‌ಬ್ಯಾಕ್ ಮುಗಿದ ಕೂಡಲೇ ಅದನ್ನು ಫ್ರೀ ಮಾಡುತ್ತದೆ. ಆ ಪಾಯಿಂಟರನ್ನು ನಿಮ್ಮ ಸ್ಟ್ರಕ್ಟ್ ಒಳಗೆ ಇಟ್ಟುಕೊಂಡು ಆಮೇಲೆ ನೋಡೋಣ ಅನ್ನುವ ಹಾಗಿಲ್ಲ. ಬೇಕೆಂದರೆ ಮೆಸೇಜ್_ಕಾಪಿ ಬಳಸಿ, ಮುಗಿದ ಮೇಲೆ ಮೆಸೇಜ್_ಫ್ರೀ ಮಾಡುವ ಜವಾಬ್ದಾರಿ ನಿಮ್ಮದು.

ಹೆಜ್ಜೆ 5: ಯಾವ ಥ್ರೆಡ್ ಕರೆಯುತ್ತಿದೆ ಅಂತ ತಿಳಿದುಕೊಳ್ಳಿ

ಲೂಪ್_ಫಾರೆವರ್ ಆದರೆ ಮೆಸೇಜ್ ಕಾಲ್‌ಬ್ಯಾಕ್ ಬರುವುದು ನೀವು ಅದನ್ನು ಕರೆದ ಥ್ರೆಡ್‌ನಲ್ಲೇ. ಲೂಪ್_ಸ್ಟಾರ್ಟ್ ಆದರೆ ಲೈಬ್ರರಿ ಬೇರೆ ಥ್ರೆಡ್ ಹುಟ್ಟಿಸುತ್ತದೆ, ಕಾಲ್‌ಬ್ಯಾಕ್‌ಗಳು ಅಲ್ಲಿ ಓಡುತ್ತವೆ. ಆಗ ಟ್ಯಾಂಕ್_ಮಟ್ಟವನ್ನು ಒಂದು ಥ್ರೆಡ್ ಬರೆಯುತ್ತಿರುತ್ತದೆ, ನಿಮ್ಮ ಮೇನ್ ಓದುತ್ತಿರುತ್ತದೆ. ಬೀಗ (ಮ್ಯೂಟೆಕ್ಸ್) ಇರುವುದು ಅದಕ್ಕೇ, ಒಂದು ಸಲಕ್ಕೆ ಒಂದೇ ಥ್ರೆಡ್ ಮುಟ್ಟಲಿ ಅಂತ. ವೊಲಟೈಲ್ ಹಾಕಿದರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದು ಥ್ರೆಡ್‌ಗಳ ನಡುವಿನ ಕೆಲಸಕ್ಕೆ ಇರುವುದಲ್ಲ. ಒಂದೇ ಒಂದು ಇಂಟ್ ಇದ್ದರೆ ಸಿ11 ಅಟಾಮಿಕ್ ನಡೆಯುತ್ತದೆ. ಎರಡು ಬೆಲೆಗಳನ್ನು ಒಟ್ಟಿಗೆ ನೋಡಿ ತೀರ್ಮಾನ ಮಾಡಬೇಕಾದರೆ, ಅಂದರೆ ಟ್ಯಾಂಕ್ ಖಾಲಿ ಮತ್ತು ಸಂಪ್‌ನಲ್ಲಿ ನೀರಿದೆ ಅಂತಾದರೆ ಮಾತ್ರ ಮೋಟರ್, ಆಗ ಮ್ಯೂಟೆಕ್ಸೇ ಬೇಕು.

ಬೀಗ ಹಿಡಿದುಕೊಂಡು ಲೈಬ್ರರಿಯ ಯಾವ ಫಂಕ್ಷನ್ನನ್ನೂ ಕರೆಯಬೇಡಿ. ಕಾರಣ ಹೇಳುತ್ತೇನೆ. ಲಾಗ್ ಕಾಲ್‌ಬ್ಯಾಕ್ ಅಂತ ಒಂದಿದೆ, ಅದಕ್ಕೂ ಅದೇ ಒಬಿಜೆ ಬರುತ್ತದೆ. ನೀವು ಪಬ್ಲಿಶ್ ಕರೆದಾಗ ‘ಪಬ್ಲಿಶ್ ಕಳಿಸುತ್ತಿದ್ದೇನೆ’ ಅನ್ನುವ ಲಾಗ್ ಸಾಲು ನಿಮ್ಮದೇ ಥ್ರೆಡ್‌ನಲ್ಲಿ, ಆ ಪಬ್ಲಿಶ್ ಕರೆಯ ಒಳಗಿಂದಲೇ ಬರಬಹುದು. ನೀವು ಬೀಗ ಹಿಡಿದು ಪಬ್ಲಿಶ್ ಕರೆದಿದ್ದೀರಿ, ಲಾಗ್ ಕಾಲ್‌ಬ್ಯಾಕ್ ಫೈಲ್‌ಗೆ ಬರೆಯುವ ಮೊದಲು ಅದೇ ಬೀಗ ಕೇಳುತ್ತದೆ. ಮುಗಿಯಿತು, ಪ್ರೋಗ್ರಾಂ ತನಗೆ ತಾನೇ ಕಾಯುತ್ತಾ ಕೂರುತ್ತದೆ. ಹಾಗಾಗಿ ಬೀಗ ಹಿಡಿದು ಬೇಕಾದ ಬೆಲೆಗಳನ್ನು ಲೋಕಲ್ ವೇರಿಯಬಲ್‌ಗೆ ತೆಗೆದುಕೊಳ್ಳಿ, ಬೀಗ ಬಿಡಿ, ಆಮೇಲೆ ಪಬ್ಲಿಶ್ ಮಾಡಿ.

ಕಾಲ್‌ಬ್ಯಾಕ್ ಒಳಗೆ ಜಾಸ್ತಿ ಹೊತ್ತು ಕೂರುವುದೂ ಬೇಡ. ಆ ಥ್ರೆಡ್ಡೇ ಬ್ರೋಕರ್‌ಗೆ ಪಿಂಗ್ ಕಳಿಸಬೇಕು. ಕೀಪ್‌ಅಲೈವ್ (ಬದುಕಿದ್ದೇನೆ ಅಂತ ಬ್ರೋಕರ್‌ಗೆ ತಿಳಿಸುವ ಅವಧಿ) 60 ಸೆಕೆಂಡ್ ಇಟ್ಟಿದ್ದರೆ, ಅದರ ಒಂದೂವರೆ ಪಟ್ಟು, ಅಂದರೆ 90 ಸೆಕೆಂಡ್ ಏನೂ ಬರದಿದ್ದರೆ ಬ್ರೋಕರ್ ಕನೆಕ್ಷನ್ ಕಡಿಯಬೇಕು ಅಂತ ಪ್ರೋಟೋಕಾಲ್ ಹೇಳುತ್ತದೆ. ನಿಧಾನದ ಕೆಲಸ ಇದ್ದರೆ ಮೆಸೇಜ್ ಕಾಪಿ ಮಾಡಿ ಕ್ಯೂಗೆ ಹಾಕಿ, ಬೇರೆ ಥ್ರೆಡ್ ನೋಡಿಕೊಳ್ಳಲಿ. ಆ ಕ್ಯೂ ಕೂಡ ಇದೇ ಸ್ಟ್ರಕ್ಟ್ ಒಳಗೇ ಇರಬೇಕು.

ಹೆಜ್ಜೆ 6: ಟಾಪಿಕ್‌ಗೊಂದು ಡೇಟಾ ಬೇಕಾದರೆ

ಲಿಬ್‌ಮಾಸ್ಕಿಟೊದ ಕೊರತೆ ಇಲ್ಲಿ ಕಾಣುತ್ತದೆ. ಒಂದು ಕ್ಲೈಂಟ್‌ಗೆ ಒಂದೇ ಒಬಿಜೆ, ಒಂದೇ ಮೆಸೇಜ್ ಕಾಲ್‌ಬ್ಯಾಕ್. ಟ್ಯಾಂಕ್‌ಗೆ ಬೇರೆ, ಸಂಪ್‌ಗೆ ಬೇರೆ ಫಂಕ್ಷನ್ ಬೇಕೆಂದರೆ ನಾವೇ ಕಟ್ಟಿಕೊಳ್ಳಬೇಕು. ಕಷ್ಟವೇನಿಲ್ಲ. ಒಂದು ಚಿಕ್ಕ ಅರೇ ಮಾಡಿ, ಅದರ ಒಂದೊಂದು ಸಾಲಿನಲ್ಲಿ ಮೂರು ವಿಷಯ: ಟಾಪಿಕ್ ಪ್ಯಾಟರ್ನ್, ಕರೆಯಬೇಕಾದ ಫಂಕ್ಷನ್, ಅದಕ್ಕೆ ಕೊಡಬೇಕಾದ ವಾಯ್ಡ್ ಸ್ಟಾರ್. ಆ ಅರೇ ಸ್ಟ್ರಕ್ಟ್ ಆ್ಯಪ್ ಒಳಗಿರಲಿ. ಮೆಸೇಜ್ ಬಂದಾಗ ಪ್ರತಿ ಸಾಲಿಗೂ ಟಾಪಿಕ್_ಮ್ಯಾಚಸ್_ಸಬ್ ಕರೆದು, ಹೊಂದಿದರೆ ಆ ಸಾಲಿನ ಫಂಕ್ಷನ್ನಿಗೆ ಆ ಸಾಲಿನ ಪಾಯಿಂಟರ್ ಕೊಟ್ಟು ಕರೆಯಿರಿ. ಪ್ಲಸ್, ಹ್ಯಾಶ್ ವೈಲ್ಡ್‌ಕಾರ್ಡ್‌ಗಳನ್ನು ಆ ಫಂಕ್ಷನ್ನೇ ಸಂಭಾಳಿಸುತ್ತದೆ. ಸ್ಟ್ರ್‌ಕಂಪ್ ಹಾಕಿಕೊಂಡು ನೀವೇ ಬರೆಯಲು ಹೋಗಬೇಡಿ, ‘ಮನೆ/#’ ಅನ್ನುವ ಪ್ಯಾಟರ್ನ್ ಬರೀ ‘ಮನೆ’ಗೂ ಹೊಂದುತ್ತದೆ ಅನ್ನುವಂಥ ನಿಯಮಗಳು ನೆನಪಿರುವುದಿಲ್ಲ.

ಲೂಪ್ ಶುರುವಾದ ಮೇಲೆ ಈ ಅರೇಗೆ ಸಾಲು ಸೇರಿಸುವುದಾದರೆ ಅದಕ್ಕೂ ಬೀಗ ಬೇಕು. ರೀಆಲಾಕ್ ಮಾಡಿದರೆ ಅರೇ ಬೇರೆ ಜಾಗಕ್ಕೆ ಹೋಗಬಹುದು ಅನ್ನುವುದೂ ತಲೆಯಲ್ಲಿರಲಿ. ಎಲ್ಲವನ್ನೂ ಲೂಪ್_ಸ್ಟಾರ್ಟ್‌ಗೆ ಮೊದಲೇ ತುಂಬಿಬಿಟ್ಟರೆ ಈ ತಲೆನೋವೇ ಇಲ್ಲ.

ಹೆಜ್ಜೆ 7: ಪ್ರತಿ ಪಬ್ಲಿಶ್‌ಗೂ ಡೇಟಾ ಬೇಕಾದರೆ

ಮೋಟರ್ ಆನ್ ಅಂತ ಕಳಿಸಿದ್ದು ತಲುಪಿತಾ? ಪಬ್ಲಿಶ್ ಕಾಲ್‌ಬ್ಯಾಕ್‌ಗೆ ಬರುವುದು ಒಬಿಜೆ ಮತ್ತು ಒಂದು ಮೆಸೇಜ್ ಐಡಿ ಮಾತ್ರ. ಅದೇ ಐಡಿಯನ್ನು ಪಬ್ಲಿಶ್ ಫಂಕ್ಷನ್ ತನ್ನ ಎರಡನೇ ಆರ್ಗ್ಯುಮೆಂಟ್ ಮೂಲಕ ನಿಮಗೆ ಕೊಟ್ಟಿರುತ್ತದೆ. ಈ ಐಡಿ 16 ಬಿಟ್, ಅಂದರೆ 65,535 ದಾಟುವುದಿಲ್ಲ. ಹಾಗಾಗಿ 65,536 ಪಾಯಿಂಟರ್‌ಗಳ ಒಂದು ಅರೇ ಇಟ್ಟುಕೊಂಡರೆ ಹುಡುಕಾಟವೇ ಬೇಡ, ಐಡಿಯೇ ಇಂಡೆಕ್ಸ್. 64 ಬಿಟ್ ಮೆಷಿನ್‌ನಲ್ಲಿ ಅದಕ್ಕೆ 512 ಕಿಲೋಬೈಟ್. ಸರ್ವರ್‌ನಲ್ಲಿ ಲೆಕ್ಕಕ್ಕಿಲ್ಲ. ಚಿಕ್ಕ ಬೋರ್ಡ್ ಆದರೆ ಚಿಕ್ಕ ಪಟ್ಟಿ ಮಾಡಿ ಹುಡುಕಿ.

ಇಲ್ಲಿರುವ ಬಲೆ: ಪಬ್ಲಿಶ್ ರಿಟರ್ನ್ ಆಗುವ ಮೊದಲೇ ಕಾಲ್‌ಬ್ಯಾಕ್ ಬಂದುಬಿಡಬಹುದು. ನೀವಿನ್ನೂ ಐಡಿಯನ್ನು ಅರೇಗೆ ಬರೆದೇ ಇಲ್ಲ, ಕಾಲ್‌ಬ್ಯಾಕ್ ಆಗಲೇ ಹುಡುಕಿ ಏನೂ ಸಿಗದೆ ಹೋಯಿತು. ಬೀಗ ಹಿಡಿದು ಪಬ್ಲಿಶ್ ಕರೆಯೋಣ ಅಂದರೆ ಹೆಜ್ಜೆ 5ರ ಸಮಸ್ಯೆ. ದಾರಿ ಹೀಗಿದೆ: ಯಾರು ಮೊದಲು ಬರುತ್ತಾರೋ ಅವರು ಅರೇಯಲ್ಲಿ ಗುರುತು ಹಾಕಲಿ, ಎರಡನೆಯವರು ಕೆಲಸ ಮುಗಿಸಲಿ. ಕಾಲ್‌ಬ್ಯಾಕ್ ಬಂದಾಗ ಜಾಗ ಖಾಲಿ ಇದ್ದರೆ ‘ಆಗಲೇ ಮುಗಿದಿದೆ’ ಅಂತ ಒಂದು ವಿಶೇಷ ಬೆಲೆ ಬರೆಯುತ್ತದೆ. ಪಬ್ಲಿಶ್ ಮುಗಿಸಿ ಬಂದ ನೀವು ಆ ಬೆಲೆ ಕಂಡರೆ ಅಲ್ಲೇ ಮುಗಿಸಿ ಜಾಗ ಖಾಲಿ ಮಾಡುತ್ತೀರಿ. ಬೀಗ ಬೇಕಾಗುವುದು ಆ ಒಂದು ಜಾಗ ನೋಡಿ ಬರೆಯುವಷ್ಟು ಹೊತ್ತು ಮಾತ್ರ. ಇದು ನಡೆಯಬೇಕೆಂದರೆ ಪ್ರತಿ ಪಬ್ಲಿಶ್ ಕೂಡ ಈ ಅರೇ ಮೂಲಕವೇ ಹೋಗಬೇಕು. ಐಡಿ ಸುತ್ತಿ ಮತ್ತೆ 1ರಿಂದ ಶುರುವಾಗುತ್ತದೆ, ಹಾಗಾಗಿ ಖಾಲಿ ಮಾಡುವುದು ಮರೆಯಬಾರದು.

ತಲುಪಿತು ಅನ್ನುವ ಮಾತಿನ ಬಗ್ಗೆಯೂ ಹುಷಾರು. ಕ್ಯೂಓಎಸ್ (ಮೆಸೇಜ್ ತಲುಪಿಸುವ ಖಾತರಿಯ ಮಟ್ಟ) 0 ಆದರೆ ಈ ಕಾಲ್‌ಬ್ಯಾಕ್‌ಗೆ ಅರ್ಥ ‘ಕಳಿಸಿ ಆಯಿತು’ ಅಷ್ಟೇ. 1 ಅಥವಾ 2 ಆದರೆ ಬ್ರೋಕರ್ ಒಪ್ಪಿಕೊಂಡಿದೆ ಅಂತ. ಮೋಟರ್ ಬೋರ್ಡ್‌ಗೆ ಮುಟ್ಟಿದೆ ಅಂತ ಇದು ಯಾವತ್ತೂ ಹೇಳುವುದಿಲ್ಲ, ಅದಕ್ಕೆ ಬೋರ್ಡ್ ಬೇರೆ ಟಾಪಿಕ್‌ನಲ್ಲಿ ಉತ್ತರ ಕಳಿಸಬೇಕು.

ಹೆಜ್ಜೆ 8: ಮುಚ್ಚುವ ಕ್ರಮ

ಡಿಸ್‌ಕನೆಕ್ಟ್, ಲೂಪ್_ಸ್ಟಾಪ್, ಡೆಸ್ಟ್ರಾಯ್, ನಿಮ್ಮ ಫ್ರೀ, ಕೊನೆಗೆ ಲಿಬ್_ಕ್ಲೀನಪ್. ಈ ಕ್ರಮ ತಪ್ಪಬಾರದು. ಡಿಸ್‌ಕನೆಕ್ಟ್ ರಿಟರ್ನ್ ಆಯಿತು ಅಂದ ಮಾತ್ರಕ್ಕೆ ಎಲ್ಲ ಮುಗಿದಿಲ್ಲ, ಡಿಸ್‌ಕನೆಕ್ಟ್ ಕಾಲ್‌ಬ್ಯಾಕ್ ಇನ್ನೂ ಬರಬೇಕಿದೆ, ಅದೂ ನಿಮ್ಮ ಒಬಿಜೆ ಮುಟ್ಟುತ್ತದೆ. ಲೂಪ್_ಸ್ಟಾಪ್ ಆ ಥ್ರೆಡ್ ಮುಗಿಯುವವರೆಗೆ ಕಾಯುತ್ತದೆ. ಅದಕ್ಕೆ ಫೋರ್ಸ್ ಫಾಲ್ಸ್ ಕೊಡುವುದಾದರೆ ಮೊದಲು ಡಿಸ್‌ಕನೆಕ್ಟ್ ಕರೆದಿರಲೇಬೇಕು, ಇಲ್ಲವಾದರೆ ಕಾಯುತ್ತಲೇ ಇರುತ್ತೀರಿ.

ಕಾಲ್‌ಬ್ಯಾಕ್ ಒಳಗಿಂದ ಲೂಪ್_ಸ್ಟಾಪ್ ಅಥವಾ ಡೆಸ್ಟ್ರಾಯ್ ಕರೆಯಬೇಡಿ. ಸ್ಟ್ರಕ್ಟ್‌ನಲ್ಲಿ ಒಂದು ಅಟಾಮಿಕ್ ಫ್ಲ್ಯಾಗ್ ಇಟ್ಟು, ಮೇನ್ ಅದನ್ನು ನೋಡಿ ಮುಚ್ಚಲಿ.

ಹೆಜ್ಜೆ 9: ಓಡಿಸಿ ನೋಡಿ

ಡೆಬಿಯನ್, ಉಬುಂಟುನಲ್ಲಿ ಲಿಬ್‌ಮಾಸ್ಕಿಟೊ-ಡೆವ್ ಪ್ಯಾಕೇಜ್ ಹಾಕಿಕೊಳ್ಳಿ, ಬ್ರೋಕರ್ ಮತ್ತು ಕ್ಲೈಂಟ್ ಟೂಲ್‌ಗಳು ಬೇರೆ ಪ್ಯಾಕೇಜ್. ಮಾಸ್ಕಿಟೊ 2.0ರಿಂದ ಈಚೆಗೆ ಕಾನ್ಫಿಗರೇಶನ್ ಇಲ್ಲದ ಬ್ರೋಕರ್ ಅದೇ ಮೆಷಿನ್‌ನಿಂದ ಬಂದ ಕನೆಕ್ಷನ್ ಮಾತ್ರ ಒಪ್ಪುತ್ತದೆ. ಪೋರ್ಟ್ 1883 ತೆರೆದೇ ಇದೆ, ಆದರೂ ಪಕ್ಕದ ಬೋರ್ಡ್‌ನಿಂದ ಸೇರುತ್ತಿಲ್ಲ ಅಂತಾದರೆ ಮೊದಲು ಇದನ್ನು ನೋಡಿ, ನಿಮ್ಮ ಕೋಡನ್ನಲ್ಲ.

ಅಡ್ರೆಸ್ ಸ್ಯಾನಿಟೈಜರ್ (ಮೆಮೊರಿ ತಪ್ಪು ಹಿಡಿಯುವ ಕಂಪೈಲರ್ ಸೌಲಭ್ಯ) ಹಾಕಿ ಒಮ್ಮೆ, ಥ್ರೆಡ್ ಸ್ಯಾನಿಟೈಜರ್ (ಥ್ರೆಡ್‌ಗಳ ನಡುವಿನ ತಪ್ಪು ಹಿಡಿಯುವುದು) ಹಾಕಿ ಇನ್ನೊಮ್ಮೆ ಕಂಪೈಲ್ ಮಾಡಿ. ಎರಡೂ ಒಟ್ಟಿಗೆ ಆಗುವುದಿಲ್ಲ. ಮಾಸ್ಕಿಟೊ_ಪಬ್ ಅನ್ನುವ ಕ್ಲೈಂಟ್ ಟೂಲ್‌ನಿಂದ ಮೆಸೇಜ್ ಹರಿಯುತ್ತಿರುವಾಗಲೇ ಬ್ರೋಕರ್ ನಿಲ್ಲಿಸಿ, ಮತ್ತೆ ಶುರು ಮಾಡಿ, ಆಮೇಲೆ ನಿಮ್ಮ ಪ್ರೋಗ್ರಾಂ ಮುಚ್ಚಿ. ಸುಮ್ನೆ ಹತ್ತು ಮೆಸೇಜ್ ಕಳಿಸಿ ಸರಿಯಿದೆ ಅಂದರೆ ಏನೂ ಪರೀಕ್ಷೆ ಮಾಡಿದ ಹಾಗಲ್ಲ, ಈ ತಪ್ಪುಗಳೆಲ್ಲ ಅಡಗಿರುವುದು ರೀಕನೆಕ್ಟ್ ಮತ್ತು ಮುಚ್ಚುವ ಹೊತ್ತಿನಲ್ಲೇ.

ಬೇರೆ ಲೈಬ್ರರಿ ಬಳಸುತ್ತಿದ್ದರೆ

ವಾಯ್ಡ್ ಸ್ಟಾರ್ ಎಲ್ಲ ಕಡೆ ಅದೇ. ಹೆಸರು, ಜಾಗ, ಮಾಲೀಕತ್ವ ಬದಲಾಗುತ್ತದೆ. ಪಾಹೋ ಅನ್ನುವ ಇನ್ನೊಂದು ಎಂಕ್ಯೂಟಿಟಿ ಲೈಬ್ರರಿಯಲ್ಲಿ ಇದರ ಹೆಸರು ಕಾಂಟೆಕ್ಸ್ಟ್, ಸೆಟ್‌ಕಾಲ್‌ಬ್ಯಾಕ್ಸ್ ಕರೆಯುವಾಗ ಕೊಡಬೇಕು. ಆದರೆ ಅಲ್ಲಿ ಮೆಸೇಜ್ ಮತ್ತು ಟಾಪಿಕ್ ಎರಡನ್ನೂ ಕಾಲ್‌ಬ್ಯಾಕ್ ಒಳಗೆ ನೀವೇ ಫ್ರೀ ಮಾಡಬೇಕು, ಮಾಸ್ಕಿಟೊ ಅಭ್ಯಾಸದಲ್ಲಿ ಬಿಟ್ಟರೆ ಸೋರುತ್ತದೆ. ಕಾಫ್ಕಾ ಅನ್ನುವ ಮೆಸೇಜ್ ವ್ಯವಸ್ಥೆಯ ಸಿ ಲೈಬ್ರರಿ ಲಿಬ್‌ಆರ್‌ಡಿಕಾಫ್ಕಾ ಅದನ್ನು ಒಪೇಕ್ ಅನ್ನುತ್ತದೆ. ಕ್ಲೈಂಟ್‌ಗೊಂದು ಒಪೇಕ್ ಇದೆ, ಪ್ರತಿ ಮೆಸೇಜ್‌ಗೂ ಬೇರೆ ಒಪೇಕ್ ಕೊಡಬಹುದು, ಡೆಲಿವರಿ ರಿಪೋರ್ಟ್‌ನ ಪ್ರೈವೇಟ್ ಫೀಲ್ಡ್‌ನಲ್ಲಿ ಅದು ವಾಪಸ್ ಬರುತ್ತದೆ. ನಮ್ಮ ಹೆಜ್ಜೆ 7ರ ಸರ್ಕಸ್ ಅಲ್ಲಿ ಬೇಕಿಲ್ಲ. ಡೆಲಿವರಿ ಕಾಲ್‌ಬ್ಯಾಕ್ ಬರುವುದೂ ನೀವು ಪೋಲ್ ಕರೆದಾಗ, ಆ ಥ್ರೆಡ್‌ನಲ್ಲೇ.

ಝೀರೋಎಂಕ್ಯೂ ಅನ್ನುವ ಮೆಸೇಜ್ ಲೈಬ್ರರಿಯಲ್ಲಿ ಕಾಪಿ ಇಲ್ಲದೆ ಮೆಸೇಜ್ ಕಳಿಸುವಾಗ ಫ್ರೀ ಮಾಡುವ ಫಂಕ್ಷನ್ ಜೊತೆ ‘ಹಿಂಟ್’ ಅಂತ ಒಂದು ವಾಯ್ಡ್ ಸ್ಟಾರ್ ಕೊಡಬಹುದು. ಆ ಫಂಕ್ಷನ್ ಯಾವ ಥ್ರೆಡ್‌ನಿಂದ ಬೇಕಾದರೂ ಬರಬಹುದು, ಹಾಗಾಗಿ ಅದರೊಳಗೆ ಬೀಗದ ಲೆಕ್ಕ ಮತ್ತೆ ಹಾಕಬೇಕು. ನ್ಯಾಟ್ಸ್ ಅನ್ನುವ ಇನ್ನೊಂದು ಮೆಸೇಜ್ ವ್ಯವಸ್ಥೆಯ ಸಿ ಕ್ಲೈಂಟ್ ನನಗೆ ಇವುಗಳಲ್ಲೆಲ್ಲ ಅಚ್ಚುಕಟ್ಟು ಅನಿಸುತ್ತದೆ. ಪ್ರತಿ ಸಬ್‌ಸ್ಕ್ರಿಪ್ಶನ್‌ಗೂ ತನ್ನದೇ ಕ್ಲೋಶರ್ ಪಾಯಿಂಟರ್, ಹೆಜ್ಜೆ 6ರ ಅರೇ ಬೇಡವೇ ಬೇಡ. ಮೆಸೇಜನ್ನು ನೀವೇ ಡೆಸ್ಟ್ರಾಯ್ ಮಾಡಬೇಕು ಅನ್ನುವುದೊಂದು ನೆನಪಿರಲಿ. ಇನ್ನು ಮುಂದೆ ಈ ಸಬ್‌ಸ್ಕ್ರಿಪ್ಶನ್‌ಗೆ ಮೆಸೇಜ್ ಬರುವುದಿಲ್ಲ ಅಂತ ತಿಳಿಸಲು ಆನ್‌ಕಂಪ್ಲೀಟ್ ಅನ್ನುವ ಪ್ರತ್ಯೇಕ ಕಾಲ್‌ಬ್ಯಾಕ್ ಕೂಡ ಅಲ್ಲಿದೆ. ಕ್ಲೋಶರನ್ನು ಫ್ರೀ ಮಾಡುವ ಕೋಡ್ ಅದರೊಳಗೇ ಬರೆಯಿರಿ.